ರಕ್ತ ನಿಂತ ಮೂಲೆ

ಮರಾಠಿ ನಾಡಿನ ಹಡಪಸರದ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಹಾಕ್ಕೆ ಪಾಳಿ ಹಚ್ಚಿ ನಿಂತಿದ್ದ ಕಲ್ಲವ್ವನಿಗೆ ಮುಂದಿನಿಂದ ಕನ್ನಡ ಕೇಳಿಸಿದ್ದೇ ತಡ, ಜೀವ ತಂಪಾಯಿತು. ಕುತ್ತಿಗೆಗೆ ಕಂಪನಿಯ ಕಾರ್ಡು ಹಾಕಿಕೊಂಡ ಹುಡುಗ, ಹುಡುಗಿ. ಯಾವ ಊರಿನವರೋ, ಕೇಳಬೇಕೆಂದುಕೊಂಡಳು.

“ಯಾಕೆ ಅಪೂರ್ವ, ಸಪ್ಪಗಿದ್ದೀಯ? ನಿನ್ನ ಸಿಮ್ಯುಲೇಶನ್ ಕರೆಕ್ಟಾಯ್ತಲ್ಲ?”

“ಅದಕ್ಕೇ ಕಣೋ ಮಿಥುನ. ಕೃತಕ ಶ್ವಾಸಕೋಶದೊಳಗೆ ರಕ್ತ ಈ ಮೂಲೇಲಿ ನಿಧಾನ ಆಗುತ್ತೆ, ಇಲ್ಲೇ ಹೆಪ್ಪುಗಟ್ಟುತ್ತೆ ಅಂತ ಕಂಪ್ಯೂಟರ್ ತೋರಿಸಿತ್ತು. ಬೆಳಿಗ್ಗೆ ಐಸಿಯುನಲ್ಲಿ ಬಿಚ್ಚಿ ತೆಗೆದಿದ್ದನ್ನ ನೋಡಿದೆ. ಅದೇ ಮೂಲೇಲಿ ರಕ್ತದ ಗಡ್ಡೆ.”

“ಒಳ್ಳೇದಾಯ್ತು. ಆ ಮೂಲೆ ತಿದ್ದಿದ್ರೆ ಮುಂದಿನ ಪೇಶಂಟ್‌ಗೆ ಹೀಗಾಗಲ್ಲ.”

“ಈ ಪೇಶಂಟ್‌ಗೆ ಜೀವ ಹೋಗೋ ಹಾಗಾಗಿತ್ತಂತೆ. ನಾನು ಗಡ್ಡೆ ನೋಡಿದ ತಕ್ಷಣ ‘ಯೆಸ್!’ ಅಂದ್ಬಿಟ್ಟೆ. ಖುಷಿಯಿಂದ. ಗಾಜಿನ ಆ ಕಡೆ ಅಂಕಲ್ ಮಲಗಿದ್ರು.”

“ಮೆಲ್ಲಗೆ ಮಾತಾಡೇ.”

“ಇಲ್ಲಿ ಯಾರಿಗೆ ಕನ್ನಡ ಬರುತ್ತೆ?”

ಕಲ್ಲವ್ವ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಆ ಐಸಿಯುನಲ್ಲಿ ಅಂಥ ಯಂತ್ರ ಹಚ್ಚಿದ್ದು ಒಬ್ಬರಿಗೇ, ಅವಳ ಗಂಡ ಈರಬಸಪ್ಪನಿಗೆ. ಬೆಳಿಗ್ಗೆ ಅದನ್ನು ಬದಲಿಸಿದೆವೆಂದು ಡಾಕ್ಟರು ಹೇಳಿದ್ದರು.

ಅಷ್ಟರಲ್ಲಿ ಚಹಾ ಬಂತು. ಅಪೂರ್ವ ತಿರುಗಿ ಹಿಂದಿದ್ದ ಹೆಂಗಸನ್ನು ನೋಡಿದಳು. ಆ ಹೆಂಗಸಿನ ಕಣ್ಣುಗಳು ಒದ್ದೆಯಾಗಿದ್ದವು. “ಕಾಕೂ, ಆಧೀ ತುಮ್ಹೀ ಘ್ಯಾ,” ಎಂದು ಮರಾಠಿಯಲ್ಲಿ ಹೇಳಿ, ಮೊದಲು ಅವಳೇ ಕುಡಿಯಲೆಂದು ತನ್ನ ಕಪ್ಪನ್ನೇ ಮುಂದೆ ಹಿಡಿದಳು.

‘ಇರ್ಲಿ ಬಿಡವ್ವಾ, ನೀನ ಕುಡಿ’ ಎಂಬ ಮಾತು ಕಲ್ಲವ್ವನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಅದೇ ಮಾತನ್ನು ಮರಾಠಿಯಲ್ಲಿ ಹೇಳಿದಳು:

“ಅಸೂ ದೇ ಬಾಳಾ. ತೂಚ ಘೇ.”

ಹುಡುಗ, ಹುಡುಗಿ ಇಬ್ಬರೂ ಲಿಫ್ಟಿನ ಕಡೆ ಹೋದರು.