ಯಾ, ಬಸಾ

ಗಡಹಿಂಗ್ಲಜ ಬಸ್ ಸ್ಟ್ಯಾಂಡಿನಲ್ಲಿ ಕೋವಾಡದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಮುದುಕಿ, ಅವಳ ಮಗಳು. ಮುದುಕಿಯ ಉಗುರುಗಳಲ್ಲಿ ಡಾಂಬರು ಕೂತಿತ್ತು. ಕಿವಿ ಮುಚ್ಚಿಕೊಳ್ಳುವಷ್ಟು ಸಭ್ಯತೆ ನನಗಿಲ್ಲ.

“ಅಂಗಡಿ ಬೋರ್ಡಿನ ಮ್ಯಾಲೆ ಕನ್ನಡ ಕಂಡ್ರ ಸಾಕು, ಮರಾಠಿ ಸಂಘದವ್ರು ಡಾಂಬರ ಬಳದ ಹೋಗ್ತಾರ,” ಎಂದಳು ಮಗಳು.

“ಓದಾಕ ಬಂದಿದ್ರ ಬಳೀತಿದ್ದಿಲ್ಲ, ನೂತನ.”

“ಹವಾಲ್ದಾರಗ ನಮ್ಮ ಬೋರ್ಡ ನಾನ ಓದಿ ಹೇಳಿದೆ, ‘ಯಾ, ಬಸಾ’ ಅಂತ. ‘ಹೇ ತರ್ ಮರಾಠೀಚ!’, ಇದು ಮರಾಠೀನ ಐತಲ್ಲ ಅಂತ ಅವಾ ಗಾಬರಿ ಆದ.”

“ಮತ್ತ? ನಿಮ್ಮಪ್ಪಗ ಮರಾಠಿ ಬಾಯಿಲೆ ಬರ್ತಿತ್ತು, ಬರಿಯಾಕ ಕನ್ನಡ ಅಕ್ಷರ ಅಷ್ಟ. ಅರಿವಿ ತಗೊಳ್ಳಾಕ ಬಂದವ್ರಿಗೆ ಬರ್ರಿ, ಕುಂದರ್ರಿ ಅಂತ ಅವರ ಮಾತಿನ್ಯಾಗ ಹೇಳಬೇಕಂತ ತಾವ ಕುಂತ ಬರದಿದ್ರು.”

“ಎದುರಿನ ಶಿಂಪಿ ಕಾಕಾನೂ ಸೀಮಿಎಣ್ಣಿ ಹಚ್ಚಿ ನಿನ್ನ ಜೋಡಿ ತಿಕ್ಕಿದ್ರಲ್ಲ.”

“ಡಾಂಬರದ ಜೋಡಿ ‘ಯಾ’ ಎದ್ದ ಹೋತು. ‘ಬಸಾ’ ಅಷ್ಟ ಉಳದೈತಿ.” ಮುದುಕಿ ಉಗುರು ನೋಡಿಕೊಂಡಳು. “ಹೋದವ್ರ ಬೆರಳಿಂದು ಉಳದದ್ದು ಇನ್ನ ಅಷ್ಟ.”

ಇಚಲಕರಂಜಿಯ ಬಸ್ಸು ಬಂದು ನಿಂತಿತು. ಇಬ್ಬರೂ ಎದ್ದರು.

“ಪೇಂಟರಗ ಏನ ಹೇಳೂಣ, ಅವ್ವಾ? ಪೂರಾ ಹೊಸಾದು ಬರಿ ಅನ್ನೂಣೇನು?”

“ಉಳದದ್ದ ಮುಟ್ಟಬ್ಯಾಡ ಅನ್ನು. ‘ಯಾ’ ಒಂದ ಬರದ್ರ ಸಾಕು.”

“ಯಾವ ಅಕ್ಷರದಾಗ ಅಂತ ಕೇಳ್ತಾನ.”

ಮುದುಕಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು.

“ನಿಮ್ಮಪ್ಪನ ಅಕ್ಷರದಾಗ ಅನ್ನು.”

“ಅದು ಅವನಿಗೆಲ್ಲಿ ಬರ್ತೈತಿ, ಅವ್ವಾ?”

ಇಬ್ಬರೂ ಹತ್ತಿದರು, ಬಸ್ಸು ಹೊರಟಿತು. ಕಿಟಕಿಯ ಗಾಜಿನ ಮೇಲೆ ಮುದುಕಿಯ ಕಪ್ಪು ಬೆರಳು ನಿಧಾನವಾಗಿ ಮಗಳಿಗೆ ಒಂದು ಅಕ್ಷರ ಬರೆದು ತೋರಿಸುತ್ತಿತ್ತು.