ಜ್ವಾಳದಾಗಿನ ಡಬ್ಬಿ

...ಮುನ್ನೂರಾ ನಲವತ್ತಾ? ಸುಳ್ಳು! ನಿನ್ನ ಮಿಷನ್ ಕೆಟ್ಟೈತಿ ಶಾಹೀನಾ. ಹೋದ ತಿಂಗಳ ಇದೇ ಪಡಸಾಲ್ಯಾಗ ಕುಂತು ಚುಚ್ಚಿದಿ, ನೂರಾ ಅರವತ್ತಿತ್ತು ಶುಗರ್. ಹತ್ತು ವರ್ಷಾತು ಆಶಾ ಕೆಲಸ ಅಂತ ಮಸ್ಕಿ ಓಣಿ ಓಣಿ ತಿರುಗತಿ, ಒಂದು ಛಲೋ ಮಿಷನ್ ಕೊಡಂಗಿಲ್ಲೇನು ನಿಮಗ?

ಯಾಕ ನಗ್ತಿ? ಕೈ ತೊಳದೀನವಾ, ಸಾಬೂನು ಹಚ್ಚಿ ತೊಳದೀನಿ. ಬೆರಳಿಗೆ ಅಂಟಿದ್ದು ಬೆಲ್ಲ ಅಲ್ಲ. ಈಗ ನಿನಗಂತ ಚಾ ಸೋಸಿದ್ನಲ್ಲ, ಅದು.

ನೀ ಹೇಳಿದಂಗ ಅನ್ನ ಬಿಟ್ಟೆ. ಮನಿತುಂಬ ಸೋನಾಮಸೂರಿ ಇಟಗೊಂಡು ಎರಡು ರೊಟ್ಟಿ, ಪುಂಡಿಪಲ್ಯೆ ತಿಂದು ಏಳತೀನಿ. ನನ್ನ ಚಾಕ್ಕ ಸಕ್ರಿ ಇಲ್ಲ. ಬೇಕಾದ್ರ ನಮ್ಮ ಮನ್ಯಾರನ್ನ ಕೇಳು.

ನನ್ನ ಬಿಡು, ಒಳಗ ಮಲಗ್ಯಾಳಲ್ಲ ಅಮರೇಶ್ವರಿ, ಆಕೀನ ನೋಡು ಮೊದಲು. ಸಿಂಧನೂರಿನಿಂದ ಹೆರಿಗೆಗಂತ ತವರಿಗೆ ಬಂದಾಕಿ. ಇವತ್ತಿಗೆ ಹತ್ತೊಂಬತ್ತು ದಿನ, ಎಂಟು ತಿಂಗಳ ಕೂಸು ಹೊಟ್ಯಾಗೇ ಹೋಗಿ. ನಿನಗೇನು ಹೇಳೋದು, ದವಾಖಾನಿಗೆ ಒಯ್ಯೋ ಗಾಡ್ಯಾಗ ನೀನೂ ಇದ್ದಿ. ಅವತ್ತಿನಿಂದ ನನ್ನ ಮಗಳು ನೆಟ್ಟಗ ಒಂದು ತುತ್ತು ಉಂಡಿಲ್ಲ. ಸಾರು ಅನ್ನ ಕಲಸಿ ಕೊಟ್ರ ಹಂಗೇ ತಟ್ಟಿ ಸರಿಸಿ ಗ್ವಾಡಿ ಕಡೆ ಹೊಳ್ಳಿ ಮಲಗತಾಳ.

ಆ ತಟ್ಟಿ ನೋಡಿದ್ರ ನನಗ ಏನೋ ಆಗತೈತಿ. ಹಸಿವಿರಂಗಿಲ್ಲ, ಹೊಟ್ಟಿ ತುಂಬಿರತೈತಿ, ಆದ್ರೂ ಕೈ ಸುಮ್ಮನಿರಂಗಿಲ್ಲ. ನುಂಗಿದ ಮ್ಯಾಲ ಗೊತ್ತಾಗತೈತಿ ತಿಂದೆ ಅನ್ನೋದು. ಅವ್ವ ಮಗಳು ನೋಡು... ಆಕಿ ಬಾಯಿ ತೆರಿಯಂಗಿಲ್ಲ, ನನ್ನ ಬಾಯಿ ಮುಚ್ಚಂಗಿಲ್ಲ. ಸಾಕಾಗೇತಿ ನನಗ, ಸಾಕಾಗಿ ಹೋಗೇತಿ.

ಏನು ತಿಂತೀನಿ? ಏನಿಲ್ಲ, ಸಿಕ್ಕಿದ್ದು. ಶೇಂಗಾ... ಚುರುಮರಿ...

ಅಲ್ಲ್ಯಾಕ ನೋಡಾಕತ್ತಿ? ಅದು ಜ್ವಾಳದ ಪೀಪಾಯಿ. ಇರುವಿ ಹತ್ಯಾವ, ಹತ್ತಲಿ. ಇರುವಿ ಜ್ವಾಳಕ್ಕೂ ಬರ್ತಾವ. ಕುಂದ್ರು, ಏಳಬ್ಯಾಡ. ಮುಚ್ಚಳಕ್ಕ ಕೈ ಹಚ್ಚಬ್ಯಾಡ ಅಂದೆ ನಾ, ಶಾಹೀನಾ!

...ತಗದಿ, ಜ್ವಾಳದಾಗ ಹುಗದಿಟ್ಟ ಡಬ್ಬೀನೂ.

ಅಂಟಿನುಂಡಿ. ಬಾಣಂತಿಗಂತ ಕಟ್ಟಿದ್ದು. ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ... ದಿನಾ ಎರಡು ತಿಂತೀನಿ. ಮೂರು. ಹಂಗ ನೋಡಬ್ಯಾಡ ನನ್ನ. ಆಕಿ ಕಣ್ಣಿಗೆ ಬೀಳಬಾರದು, ಎಲ್ಲಿ ಚೆಲ್ಲಲಿ? ಓಣ್ಯಾಗ ಕೊಟ್ರ, ಯಾವಾಗ ಕಟ್ಟಿದಿ ಅಂತ ಕೇಳತಾರ.

ನೀನೂ ಅದನ್ನೇ ಕೇಳಾಕತ್ತಿ. ಕಣ್ಣಾಗ ಕೇಳಾಕತ್ತಿ.

ಏಳನೇ ತಿಂಗಳದಾಗ ಕಟ್ಟಿದೆ. ನಮ್ಮತ್ತಿ ಇದ್ದಾಗ ಬಡಕೊಂಡು ಹೇಳತಿದ್ಲು, ಕೂಸು ಅಳೋ ದನಿ ಕಿವಿಗೆ ಬೀಳೋತನ ಬಾಣಂತಿ ಉಂಡಿಗೆ ಒಲಿ ಹಚ್ಚಬಾರದು ಅಂತ. ಗೊತ್ತಿತ್ತು ನನಗ. ಇರಾಕಿ ಒಬ್ಬಾಕಿ ಮಗಳು, ಮೊದಲನೇ ಕೂಸು... ಹಿಗ್ಗು ತಡೀಲಿಲ್ಲ. ಮನ್ಯಾರು ಹೊಲಕ್ಕ ಹೋಗಿದ್ರು, ಆಕಿ ಮಲಗಿದ್ಲು, ಬಾಗಿಲ ಹಾಕ್ಕೊಂಡು ಕಟ್ಟಿದೆ. ಜೋಗುಳ ಹಾಡಕೋತ ಕಟ್ಟಿದೆ, ಶಾಹೀನಾ.

ಮಾತಾಡು ಏನರ. ಆಕಿಗೆ ಬಿಪಿ ಏರಿತ್ತು, ಅದಕ್ಕ ಹಿಂಗಾತು ಅಂತ ಡಾಕ್ಟರ್ ಹೇಳಿದ್ರಲ್ಲ, ಅದನ್ನರ ಇನ್ನೊಮ್ಮೆ ಹೇಳು. ನಿನ್ನಿಂದ ಆಗಿಲ್ಲ ಯಮನೂರಮ್ಮ ಅನ್ನು. ಅನ್ನು ಒಂದು ಸಲ... ಯಾಕ ಅಳ್ತಿ? ಅಳಬ್ಯಾಡ, ಒಳಗ ಆಕಿ ಕೇಳತಾಳ.

ಡಬ್ಬಿ ಎಲ್ಲಿಗೆ ಒಯ್ಯಾಕತ್ತಿ? ಕೊಡು ಇಲ್ಲಿ. ಇನ್ನ ಐದ ಉಳದಾವ. ಇವಿಷ್ಟು ತಿಂದು ಮುಗಿಸಿದ್ರ, ನಾ ಉಂಡಿ ಕಟ್ಟೇ ಇಲ್ಲ ಅಂದಂಗ.