ಚುಕ್ಕಿಗಳ ಬಾಯಿಪಾಠ

ಬಸ್ಸಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಟೀಚರುಗಳು ನಿಂತಿದ್ದರು. ಕಿರಿಯಳ ಬೆರಳಿಗೆ ಇನ್ನೂ ಗೋಂದು ಅಂಟಿಕೊಂಡಿತ್ತು.

“ಹೆಡ್ ಮೇಡಂ ಇವತ್ತು ನಿನ್ನ ಕ್ಲಾಸಿಗೆ ಬಂದಿದ್ರಂತೆ?” ಎಂದು ಹಿರಿಯವರು ಕೇಳಿದರು.

“ಬಂದಿದ್ರು ಅಕ್ಕ. ಗೋಡೆ ಮೇಲೆ ಆರಾರು ಚುಕ್ಕಿ ಇರೋ ನಾಲ್ಕು ಸಾಲು ಅಂಟಿಸಿದ್ದೆ. ಗಣಿತ ಅಂದ್ರೆ ಬೆಂಚಿನ ಕೆಳಗೆ ಅವಿತುಕೊಳ್ಳೋ ಹುಡುಗಿ ಇದಾಳಲ್ಲ, ಅವಳೇ ಎದ್ದು ನಿಂತ್ಳು. ‘ಮಿಸ್, ಒಂದೊಂದೇ ಎಣಿಸೋದು ಬೇಡ. ಮೇಲಿನ ಎರಡು ಸಾಲು ಹನ್ನೆರಡು, ಕೆಳಗಿಂದೂ ಅಷ್ಟೇ, ಒಟ್ಟು ಇಪ್ಪತ್ನಾಲ್ಕು’ ಅಂದ್ಳು. ನಂಗೆ ಕಣ್ಣು ತುಂಬಿ ಬಂತು.”

“ಮೇಡಂ ಏನಂದ್ರು?”

“‘ಉತ್ತರವೇನೋ ಸರಿ, ಆದ್ರೆ ಮಗ್ಗಿ ಹೇಳಲೇ ಇಲ್ವಲ್ಲ’ ಅಂದ್ರು.”

“ಪಾಪ, ಮಗು?”

“ಮತ್ತೆ ಬೆಂಚಿನ ಕೆಳಗೆ ಹೋಗಿ ಕೂತ್ಕೊಂಡ್ಳು.”

“ಹೋಗ್ಲಿ ಬಿಡು. ಚುಕ್ಕಿ ಕಿತ್ತುಹಾಕು ಅನ್ನಲಿಲ್ವಲ್ಲ.”

“ಅಂದಿದ್ರೇ ಚೆನ್ನಾಗಿತ್ತು! ನೋಡೋಕೆ ಲಕ್ಷಣವಾಗಿದೆ, ಎಲ್ಲಾ ಕ್ಲಾಸಲ್ಲೂ ಅಂಟಿಸು ಅಂದ್ರು. ಮಕ್ಕಳ ಕೈಗೆ ಸಿಗದ ಹಾಗೆ, ಎತ್ತರದಲ್ಲಿ. ಶುಕ್ರವಾರ ಪರೀಕ್ಷೆಯಂತೆ. ಮಗ್ಗಿ ಜೊತೆಗೆ ಚುಕ್ಕಿಗಳನ್ನೂ ಬಾಯಿಪಾಠ ಮಾಡಿಸ್ಬೇಕಂತೆ.”

ಹಿರಿಯವರು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು. “ಚುಕ್ಕೀನ ಹೇಗೆ ಬಾಯಿಪಾಠ ಮಾಡ್ತಾರೆ ತಾಯಿ?”

“ಬೆಲ್ ಆದ್ಮೇಲೆ ಅದೇ ಹುಡುಗಿ ಬಂದು ಕೇಳಿದ್ಳು ಅಕ್ಕ. ‘ಮಿಸ್, ಅಡ್ಡಡ್ಡ ಬಾಯಿಪಾಠ ಮಾಡ್ಲಾ, ಉದ್ದುದ್ದ ಮಾಡ್ಲಾ? ಹೇಗೆ ನೋಡಿದ್ರೂ ಇಪ್ಪತ್ನಾಲ್ಕೇ ಅಲ್ವಾ?’ ಅಂತ.”

“ನೀನೇನಂದೆ?”

ಬಸ್ಸು ಬಂತು. ಕಿರಿಯಳು ಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತುತ್ತಾ ಹೇಳಿದಳು:

“ಮೇಡಂನ ಕೇಳಿ ಹೇಳ್ತೀನಿ ಅಂದೆ.”